ಮನೆಯಲ್ಲಿ ಇದ್ದುದರಲ್ಲೇ ಒಂದು ಕಾಳು ಸಾರು



ಸಂಬಳದ ಮನೆಯಾಗಲಿ, ಕೂಲಿಯ ಮನೆಯಾಗಲಿ, ಅಡಿಕೆ ಮಾರಿದ ಹಣ ಕರಗಿಹೋದ ಮನೆಯಾಗಲಿ, ತಿಂಗಳ ಕೊನೆಯ ವಾರದಲ್ಲಿ ಸಂಜೆ ಆರು ಗಂಟೆಗೆ ಅಡುಗೆಮನೆಯಲ್ಲಿ ಏಳುವ ಪ್ರಶ್ನೆ ಒಂದೇ: "ರಾತ್ರಿಗೆ ಏನು ಮಾಡೋದು?" ಬುಟ್ಟಿಯಲ್ಲಿ ಅರ್ಧ ಮೂಲಂಗಿ, ಬಾಡಿದ ಎರಡು ಬದನೆಕಾಯಿ, ಒಂದು ಆಲೂಗಡ್ಡೆ. ಡಬ್ಬಿಯ ತಳದಲ್ಲಿ ಒಂದಿಷ್ಟು ಹುರುಳಿಕಾಳು. "ಮನೆಯಲ್ಲಿ ಏನೂ ಇಲ್ಲ" ಎಂದು ಹೇಳಿ ಮಗುವನ್ನು ಅಂಗಡಿಗೆ ಓಡಿಸುತ್ತೇವೆ. ನೂಡಲ್ಸ್ ಪೊಟ್ಟಣ ಬರುತ್ತದೆ. ಹೊಟ್ಟೆ ತುಂಬಿದಂತಾಗುತ್ತದೆ, ಕೈಯಲ್ಲಿದ್ದ ಹಣವೂ ಹೋಗುತ್ತದೆ.

ನಿಜವಾಗಿ ನೋಡಿದರೆ ಆ ಮನೆಯಲ್ಲಿ ಒಂದು ಪೂರ್ಣ ಊಟವೇ ಇತ್ತು. ಅದನ್ನು ಬೆಳಿಗ್ಗೆ ನೆನೆಹಾಕಿರಲಿಲ್ಲ, ಅಷ್ಟೆ. ಈ ವಾರದ ಪಾಠ ಅದರ ಬಗ್ಗೆ. ಧರ್ಮಗುರುಗಳು ಅಡುಗೆ ಪಾಠ ಹೇಳುವುದೇ ಎಂದು ನಗಬೇಡಿ. ಗುರುನಿವಾಸದಲ್ಲಿ ಅಡುಗೆಯವರು ರಜೆಯ ಮೇಲೆ ಹೋದಾಗ ಒಲೆಯ ಮುಂದೆ ನಿಲ್ಲುವವರು ನಾವೇ. ಗುರುಮಠದ ತತ್ತ್ವಶಾಸ್ತ್ರದ ತರಗತಿಯಲ್ಲಿ ದ್ರವ್ಯ, ರೂಪ ಎಂದು ಎರಡು ವರ್ಷ ಕಲಿತದ್ದು ಒಂದು ಪಾತ್ರೆ ಸಾರು ಕುದಿಯುವುದನ್ನು ನೋಡಿದಾಗ ಬೇಗ ಅರ್ಥವಾಗುತ್ತದೆ. ಕಾಳು, ಕಾಯಿ, ಸೊಪ್ಪು ಏನೇ ಇರಲಿ, ಸಾರು ಎನ್ನುವ ರೂಪ ಎಲ್ಲವನ್ನೂ ತನ್ನೊಳಗೆ ಸೇರಿಸಿಕೊಳ್ಳುತ್ತದೆ.

ಮೊದಲು ಕಾಳಿನ ಮಾತು. ಶಿಕಾರಿಪುರ, ಸೊರಬ ಸೀಮೆಯ ಮನೆಗಳಲ್ಲಿ ಹುರುಳಿ, ಹೆಸರು, ಅಲಸಂದೆ, ಅವರೆ, ಕಡಲೆ ಇವುಗಳಲ್ಲಿ ಒಂದಾದರೂ ಇದ್ದೇ ಇರುತ್ತದೆ. ಮೊದಲು ಹೊಲದ ಅಕ್ಕಡಿ ಸಾಲಿನಲ್ಲೇ ವರ್ಷದ ಕಾಳು ಬರುತ್ತಿತ್ತು. ಮೆಕ್ಕೆಜೋಳ ಮತ್ತು ಶುಂಠಿ ಹಬ್ಬಿದ ಮೇಲೆ ಹಲವರು ಕಾಳನ್ನು ಸಂತೆಯಿಂದ ಕೊಂಡು ತರುವಂತಾಗಿದೆ. ಆದರೂ ಮಾಂಸ, ಮೀನು, ಮೊಟ್ಟೆಗಳ ಜೊತೆ ಹೋಲಿಸಿದರೆ ಹುರುಳಿ ಇಂದಿಗೂ ಬಡವರ ಕೈಗೆ ಎಟುಕುವ ಆಹಾರ. "ಅದು ದನಕ್ಕೆ, ಕುದುರೆಗೆ ಬೇಯಿಸಿ ಹಾಕುವುದು" ಎಂದು ಮೂಗು ಮುರಿಯುವವರೂ ಇದ್ದಾರೆ. ಅವರಿಗಾಗಿ ಒಂದು ಸಂಗತಿ. ಶಿಕಾರಿಪುರದ ಗಡಿ ದಾಟಿ ಹಾವೇರಿ ಜಿಲ್ಲೆಯ ಕಡೆಗೆ ಹೋದರೆ ತುಂಗಭದ್ರೆಯ ದಂಡೆಯಲ್ಲಿ ಹಳ್ಳೂರು ಎಂಬ ಊರಿದೆ. 1960ರ ದಶಕದಲ್ಲಿ ಪುರಾತತ್ತ್ವಜ್ಞ ಎಂ.ಎಸ್. ನಾಗರಾಜರಾವ್ ಅವರು ಅಲ್ಲಿ ಉತ್ಖನನ ನಡೆಸಿದರು. ಮುಂದೆ ಅದೇ ನೆಲೆಯ ಮಣ್ಣನ್ನು ತೊಳೆದು ಸೋಸಿ ನೋಡಿದ ಸಂಶೋಧಕರಿಗೆ ಸುಟ್ಟು ಕರಿಯಾದ ಹುರುಳಿ ಮತ್ತು ಹೆಸರುಕಾಳುಗಳು ಸಿಕ್ಕವು. ಮೂರು ಸಾವಿರ ವರ್ಷಕ್ಕೂ ಹಿಂದಿನ ಕಾಳುಗಳವು. ನಮ್ಮ ಸಾರಿಗೆ ಹಾಕುವ ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ ಎಲ್ಲವೂ ಅಮೆರಿಕ ಖಂಡದವು, ಪೋರ್ಚುಗೀಸರು ಈ ಕಡೆ ಬಂದ ಮೇಲೆ ನಮಗೆ ಸಿಕ್ಕವು. ಬೀನ್ಸ್ ಕೂಡ ಅಲ್ಲಿಯದೇ. ಆ ಹೊಸ ಕಾಯಿಗೆ ನಮ್ಮ ಹಿರಿಯರು ಹುರುಳಿಕಾಯಿ ಎಂದು ಮನೆಯ ಹಳೆಯ ಹೆಸರನ್ನೇ ಕೊಟ್ಟುಬಿಟ್ಟರು! ಹುರುಳಿದ್ದರೆ ಮಾತು, ಹುರುಳಿ ಇದ್ದರೆ ಸಾರು ಎಂದು ನಾನು ತಮಾಷೆಗೆ ಹೇಳುವುದುಂಟು.

ಇನ್ನು ಮಾಡುವ ಕ್ರಮ. ಐದು ಜನರ ಮನೆಗೆ ಒಂದು ಪಾವು ಕಾಳು ಸಾಕು, ತೂಕದಲ್ಲಿ ಹೆಚ್ಚುಕಡಿಮೆ 200 ಗ್ರಾಂ. ಕಲ್ಲು ಆರಿಸಿ, ತೊಳೆದು, ಮೂರು ಪಟ್ಟು ನೀರಿನಲ್ಲಿ ನೆನೆಹಾಕಿ. ಹುರುಳಿ, ಕಡಲೆಗೆ ಎಂಟು ಗಂಟೆ ಬೇಕು. ಅಲಸಂದೆಗೆ ನಾಲ್ಕೈದು ಗಂಟೆ ಸಾಕು. ಬೆಳಿಗ್ಗೆ ಮರೆತಿದ್ದರೆ ಕುದಿಯುವ ನೀರು ಸುರಿದು ಮುಚ್ಚಿಟ್ಟು ಒಂದೂವರೆ ಗಂಟೆ ಬಿಡಿ, ಬಹುಪಾಲು ಕೆಲಸ ಆಗುತ್ತದೆ. ಅಷ್ಟೂ ಸಮಯ ಇಲ್ಲದಿದ್ದರೆ ಹೆಸರುಕಾಳು ತೆಗೆದುಕೊಳ್ಳಿ, ಅದು ನೆನೆಸದೆಯೂ ಬೇಯುತ್ತದೆ. ನೆನೆಸಿದ ನೀರನ್ನು ಚೆಲ್ಲಬೇಕು. ಕಾಳು ತಿಂದರೆ ವಾಯು ಎನ್ನುವವರಿಗೆ ತೊಂದರೆ ಕೊಡುವ ಅಂಶಗಳಲ್ಲಿ ಒಂದು ಭಾಗ ಆ ನೀರಿನೊಂದಿಗೇ ಹೋಗುತ್ತದೆ. ಬೇಯಿಸಿದ ನೀರನ್ನು ಮಾತ್ರ ಚೆಲ್ಲಬಾರದು. ಸಾರಿನ ಸತ್ವ ಅದರಲ್ಲಿದೆ, ಅದೇ ಕಟ್ಟು.

ಹೊಸ ನೀರು ಆರು ಲೋಟ ಹಾಕಿ ಕುಕ್ಕರಿನಲ್ಲಿ ಐದಾರು ಕೂಗು ಬರಿಸಿ. ಕಟ್ಟಿಗೆ ಒಲೆಯ ಮೇಲಾದರೆ ಒಂದೂವರೆ ಗಂಟೆಯಾದರೂ ಬೇಕು. ಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ಹಿಟ್ಟಾಗಬೇಕು. ಇಲ್ಲಿ ಒಂದು ಹಳೆಯ ನಂಬಿಕೆಯನ್ನು ತಿದ್ದಬೇಕಾಗಿದೆ. "ಉಪ್ಪು ಮೊದಲೇ ಹಾಕಿದರೆ ಕಾಳು ಬೇಯುವುದಿಲ್ಲ" ಎನ್ನುತ್ತಾರೆ. ತಪ್ಪು ಉಪ್ಪಿನದಲ್ಲ, ಹುಳಿಯದು. ಹುಣಸೆ, ಟೊಮೆಟೊ ಮೊದಲೇ ಸೇರಿದರೆ ಕಾಳಿನ ಸಿಪ್ಪೆ ಮೆತ್ತಗಾಗದೆ ಗಟ್ಟಿಯಾಗಿ ಕುಳಿತುಬಿಡುತ್ತದೆ. ನೆನೆಸುವ ನೀರಿಗೆ ಚಿಟಿಕೆ ಉಪ್ಪು ಹಾಕಿದರೆ ಸಿಪ್ಪೆ ಬೇಗ ಮೆತ್ತಗಾಗುವುದೂ ಉಂಟು. ಬೋರ್‌ವೆಲ್ಲಿನ ಗಡಸು ನೀರು, ಎರಡು ವರ್ಷ ಹಳೆಯದಾದ ಕಾಳು, ಇವೆರಡೂ ಬೇಯಲು ಹಟ ಮಾಡುತ್ತವೆ. ಅದಕ್ಕೆಂದು ಸೋಡಾಪುಡಿ ಹಾಕುವವರಿದ್ದಾರೆ. ಕಾಳು ಬೇಗ ಬೇಯುತ್ತದೆ ನಿಜ, ಆದರೆ ಬಿ-1 ಜೀವಸತ್ವ ಹಾಳಾಗುತ್ತದೆ. ಹೆಚ್ಚು ಹೊತ್ತು ನೆನೆಸುವುದೇ ಒಳ್ಳೆಯದು. ಕೆಂಪು ರಾಜ್ಮಾ ಉಪಯೋಗಿಸುವವರು ಒಂದು ಎಚ್ಚರಿಕೆ ವಹಿಸಬೇಕು: ಅರೆಬೆಂದ ರಾಜ್ಮಾದಲ್ಲಿ ವಾಂತಿ, ಭೇದಿ ತರಿಸುವ ವಿಷಾಂಶ ಉಳಿದಿರುತ್ತದೆ. ಅದು ಕನಿಷ್ಠ ಹತ್ತು ನಿಮಿಷ ಕೊತಕೊತ ಕುದಿದು, ಆಮೇಲೆ ಪೂರ್ತಿ ಬೇಯಲೇಬೇಕು.

ಕಾಳು ಬೆಂದ ಮೇಲೆ ತರಕಾರಿ. ಯಾವುದು ಎಂದು ಕೇಳಬೇಡಿ, ಇದ್ದದ್ದು. ಎಲ್ಲ ಸೇರಿ ಅರ್ಧ ಕಿಲೋ ಇದ್ದರೆ ಚೆನ್ನು. ಕ್ರಮ ಮಾತ್ರ ತಪ್ಪಬಾರದು: ಗಟ್ಟಿಯಾದವು ಮೊದಲು, ಮೃದುವಾದವು ಆಮೇಲೆ, ಸೊಪ್ಪು ಕೊನೆಗೆ. ಮೂಲಂಗಿ, ಆಲೂಗಡ್ಡೆ, ಸುವರ್ಣಗೆಡ್ಡೆ, ಬೇಸಿಗೆಯಲ್ಲಿ ಕೆಮ್ಮಣ್ಣು ಸವರಿ ಎತ್ತಿಟ್ಟ ಹಲಸಿನ ಬೀಜ, ಇವು ಮೊದಲ ಸರದಿ. ಹತ್ತು ನಿಮಿಷ ಬಿಟ್ಟು ಬದನೆ, ಕುಂಬಳ, ಸೌತೆ, ಹಸಿ ಪಪ್ಪಾಯಿ. ಕೊನೆಯ ಐದು ನಿಮಿಷಕ್ಕೆ ಹರಿವೆ, ಬಸಳೆ, ನುಗ್ಗೆಸೊಪ್ಪು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮ ನುಗ್ಗೆಮರವನ್ನು ನೋಡಿಯೇ ಹುಟ್ಟಿತೇನೋ! ಕಾಯಿಯನ್ನು ಸಂತೆಯಲ್ಲಿ ಹಣ ಕೊಟ್ಟು ತರುತ್ತೇವೆ, ಸೊಪ್ಪು ತಲೆಯ ಮೇಲೇ ತೂಗುತ್ತಿರುತ್ತದೆ. ಮಳೆಗಾಲದ ಕೆಸುವಿನ ಸೊಪ್ಪಾದರೆ ಚೆನ್ನಾಗಿ ಬೇಯಿಸಿ ಹುಳಿ ಸ್ವಲ್ಪ ಮುಂದಾಗಿ ಹಾಕಿ, ಇಲ್ಲವಾದರೆ ಗಂಟಲು ತುರಿಸುತ್ತದೆ. ಆಲೂಗಡ್ಡೆ ಮೊಳಕೆ ಬಂದಿದ್ದರೆ ಮೊಳಕೆಯನ್ನೂ ಅದರ ಬುಡವನ್ನೂ ಕೆತ್ತಿ ತೆಗೆಯಿರಿ. ಹಸಿರಾಗಿದ್ದರೆ ಎಸೆದುಬಿಡಿ.

ಎಸೆಯುವ ಮಾತು ಬಂದಾಗ ಹಳೆಯ ಒಡಂಬಡಿಕೆಯ ಒಂದು ಘಟನೆ ನೆನಪಾಗುತ್ತದೆ. ಅರಸುಗಳು ಎರಡನೆಯ ಗ್ರಂಥದ ನಾಲ್ಕನೆಯ ಅಧ್ಯಾಯದಲ್ಲಿ ಅದು ಇದೆ. ಗಿಲ್ಗಾಲಿನಲ್ಲಿ ಬರಗಾಲ. ಎಲೀಷ ಪ್ರವಾದಿ ತನ್ನ ಶಿಷ್ಯರಿಗಾಗಿ ದೊಡ್ಡ ಹಂಡೆಯನ್ನು ಒಲೆಯ ಮೇಲಿಡಲು ಹೇಳುತ್ತಾನೆ. ಒಬ್ಬ ಶಿಷ್ಯ ಸೊಪ್ಪು ತರಲು ಹೊಲಕ್ಕೆ ಹೋದವನು ಯಾವುದೋ ಕಾಡುಬಳ್ಳಿಯ ಕಾಯಿಗಳನ್ನು ಮಡಿಲು ತುಂಬ ತಂದು, ಏನೆಂದು ತಿಳಿಯದೆ ಹೆಚ್ಚಿ ಹಾಕಿಬಿಡುತ್ತಾನೆ. ಬಾಯಿಗಿಟ್ಟವರು ಹಂಡೆಯಲ್ಲಿ ಮರಣವಿದೆ ಎಂದು ಕೂಗುತ್ತಾರೆ. ಪ್ರವಾದಿ ಹಿಟ್ಟು ತರಿಸಿ ಹಂಡೆಗೆ ಹಾಕಿದ, ಅವರು ಉಳಿದರು. ಇದು ನಮ್ಮ ಅಡುಗೆಮನೆಗೂ ಸಲ್ಲುವ ಪಾಠ, ಏಕೆಂದರೆ ಅದೇ ಬಳ್ಳಿಯ ಕುಲಕ್ಕೆ ಸೇರಿದ ಸೋರೆ, ಹೀರೆ, ಸೌತೆ ನಮ್ಮ ಹಿತ್ತಲಲ್ಲೂ ಇವೆ. ಕೆಲವೊಮ್ಮೆ ಅವು ಅಸಾಧ್ಯ ಕಹಿಯಾಗುತ್ತವೆ. ಕಹಿ ಸೋರೆಕಾಯಿಯ ರಸ ಕುಡಿದು ನಮ್ಮ ದೇಶದಲ್ಲಿ ಸಾವುಗಳೇ ಸಂಭವಿಸಿದ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿ ಅದರ ಬಗ್ಗೆ ಎಚ್ಚರಿಕೆ ನೀಡಿತು. ಆದ್ದರಿಂದ ಸೋರೆಕಾಯಿ ಹೆಚ್ಚುವಾಗ ಒಂದು ಸಣ್ಣ ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿಯಿದ್ದರೆ ಉಗುಳಿ, ಕಾಯಿಯನ್ನು ಗೊಬ್ಬರದ ಗುಂಡಿಗೆ ಹಾಕಿ. ಬೇಯಿಸಿದರೆ ಆ ವಿಷ ಹೋಗುವುದಿಲ್ಲ, ಬೆಲ್ಲ ಹಾಕಿದರೂ ಹೋಗುವುದಿಲ್ಲ. ಎಲೀಷನ ಹಿಟ್ಟು ನಮ್ಮ ಡಬ್ಬಿಯಲ್ಲಿ ಇಲ್ಲ. ಗುರುತಿಲ್ಲದ ಸೊಪ್ಪು, ಗುರುತಿಲ್ಲದ ಅಣಬೆ, ಇವಕ್ಕೂ ಇದೇ ಮಾತು. ಇದ್ದುದರಲ್ಲಿ ಅಡುಗೆ ಮಾಡಬೇಕೇ ಹೊರತು ಸಿಕ್ಕಿದ್ದರಲ್ಲಲ್ಲ.

ಮಸಾಲೆಗೆ ವಿಶೇಷವೇನೂ ಬೇಡ. ನಾಲ್ಕೈದು ಒಣಮೆಣಸು, ಎರಡು ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಜೀರಿಗೆ, ಆರು ಕಾಳುಮೆಣಸು ಹುರಿದು, ಒಂದು ಹಿಡಿ ತೆಂಗಿನತುರಿ, ಒಂದು ಈರುಳ್ಳಿ, ಒಂದು ತುಂಡು ಶುಂಠಿ ಸೇರಿಸಿ ರುಬ್ಬಿ. ತೆಂಗಿನಕಾಯಿ ಇಲ್ಲವೇ? ಬೆಂದ ಕಾಳನ್ನೇ ಎರಡು ಸೌಟು ತೆಗೆದು ಮಸಾಲೆಯ ಜೊತೆ ರುಬ್ಬಿ, ಸಾರು ತಾನಾಗಿ ಮಂದವಾಗುತ್ತದೆ. ಕಾಯಿ ಇದ್ದ ಮನೆಯವರೂ ಹೀಗೆ ಮಾಡಿದರೆ ರುಚಿ ಹೆಚ್ಚು ಎನ್ನುವುದು ನನ್ನ ಅಭಿಪ್ರಾಯ. ಆಮೇಲೆ ಹುಳಿ. ಹುಣಸೆಯೇ ಆಗಬೇಕೆಂದಿಲ್ಲ. ಸೊರಬದ ಕಡೆ ಒಣಗಿಸಿಟ್ಟ ಉಪ್ಪಾಗೆ, ವಾಟೆಹುಳಿ, ಮುರುಗಲು ಇದ್ದರೆ ಅದು. ಅಮಟೆಕಾಯಿ ಇದ್ದರೆ ಇನ್ನೂ ಒಳ್ಳೆಯದು. ಎಲ್ಲ ಸೇರಿ ಹತ್ತು ನಿಮಿಷ ಕುದಿಯಲಿ. ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಇಂಗು, ಕರಿಬೇವಿನ ಒಗ್ಗರಣೆ ಕೊಡಿ. ಕರಾವಳಿಯಿಂದ ಬಂದು ಇಲ್ಲಿ ನೆಲೆಸಿದ ಕುಟುಂಬಗಳಲ್ಲಿ ಹುರುಳಿಯನ್ನು ಕುಳಿತ್ ಎನ್ನುತ್ತಾರೆ. ಅವರ ಬೆಳ್ಳುಳ್ಳಿ ಒಗ್ಗರಣೆಯ ಪರಿಮಳ ಪಕ್ಕದ ಮನೆಯವರನ್ನೂ ಕರೆದು ತರುತ್ತದೆ. ಚಿಕ್ಕ ಮಕ್ಕಳಿಗೆ, ಜ್ವರದಿಂದ ಎದ್ದವರಿಗೆ ಖಾರ ಹಾಕುವ ಮೊದಲೇ ಒಂದು ಬಟ್ಟಲು ಬೇರೆ ತೆಗೆದು ಉಪ್ಪು, ಮೆಣಸಿನಪುಡಿಯ ಬದಲು ಚೂರು ಕಾಳುಮೆಣಸು ಸೇರಿಸಿ ಕಿವುಚಿ ಕೊಡಿ. ಪೇಟೆಯ ಹೋಟೆಲಿನಲ್ಲಿ ಸೂಪ್ ಎಂದು ಕೊಡುವುದು ಇದಕ್ಕಿಂತ ದೊಡ್ಡದೇನಲ್ಲ.

ಇಷ್ಟೆಲ್ಲ ಏಕೆ ಹೇಳುತ್ತಿದ್ದೇನೆ? ನಮ್ಮ ರಾಜ್ಯದಲ್ಲಿ 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಬಡವರ ಮನೆಯಲ್ಲಿ ಅಕ್ಕಿಯ ಚಿಂತೆ ಬಹಳ ಮಟ್ಟಿಗೆ ಕಡಿಮೆಯಾಯಿತು. ಅದು ಸಂತೋಷದ ವಿಷಯ. ಆದರೆ ತಟ್ಟೆ ತುಂಬ ಅನ್ನ, ಅದರ ಮೇಲೆ ನೀರಿನಂಥ ಸಾರು ಎಂದಾದರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 7 ಗ್ರಾಂ ಪ್ರೋಟೀನ್ ಇದ್ದರೆ, ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಇದೆ. ಹೆಸರು, ಅಲಸಂದೆಗಳಲ್ಲಿ ಇನ್ನೂ ತುಸು ಹೆಚ್ಚು. ಲೆಕ್ಕ ಹಾಕಿ ನೋಡಿ. ಒಂದು ಪಾವು ಕಾಳನ್ನು ಐದು ಜನರಿಗೆ ಹಂಚಿದರೆ ತಲೆಗೆ ಎಂಟೊಂಬತ್ತು ಗ್ರಾಂ ಪ್ರೋಟೀನ್ ಬೀಳುತ್ತದೆ. ಒಂದು ಕೋಳಿಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ. ಇನ್ನೊಂದು ಸೊಗಸಿದೆ. ಅಕ್ಕಿಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಕಾಳಿನಲ್ಲಿ ಅದು ಧಾರಾಳ. ಕಾಳಿನಲ್ಲಿ ಕಡಿಮೆಯಿರುವ ಮೆಥಿಯೋನಿನ್ ಅಕ್ಕಿ, ಜೋಳಗಳಲ್ಲಿದೆ. ಅನ್ನ-ಸಾರು, ರೊಟ್ಟಿ-ಕಾಳು ಎಂದು ಅಜ್ಜಿಯರು ಜೋಡಿ ಮಾಡಿದ್ದು ವ್ಯರ್ಥವಲ್ಲ.

ಕಬ್ಬಿಣದ ಅಂಶವೂ ಕಾಳು, ಸೊಪ್ಪುಗಳಲ್ಲಿದೆ, ಆದರೆ ಅದು ಸುಲಭವಾಗಿ ಮೈಗೆ ಹತ್ತುವುದಿಲ್ಲ. ಹತ್ತಿಸಲು ಒಂದು ಉಪಾಯವಿದೆ. ಸಾರು ಇಳಿಸಿದ ಮೇಲೆ, ಬಡಿಸುವಾಗ ನಿಂಬೆರಸ ಹಿಂಡಿ. ಅದರಲ್ಲಿರುವ ಸಿ ಜೀವಸತ್ವ ಕಬ್ಬಿಣವನ್ನು ರಕ್ತಕ್ಕೆ ಸೇರಿಸಲು ನೆರವಾಗುತ್ತದೆ. ಕುದಿಯುವಾಗಲೇ ಹಿಂಡಿದರೆ ಬಹಳಷ್ಟು ನಷ್ಟವಾಗುತ್ತದೆ. ಕಾಳನ್ನು ನೆನೆಸಿ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದರೂ ಇದೇ ಬಗೆಯ ಲಾಭವಿದೆ. ಊಟವಾದ ಕೂಡಲೇ ಚಹಾ ಕುಡಿಯುವ ಅಭ್ಯಾಸ ಇದಕ್ಕೆ ನೇರ ವಿರೋಧಿ. ಒಂದು ಗಂಟೆಯಾದರೂ ತಡೆಯಿರಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸಾರು ಮಾಡಿದ್ದಾಯಿತು, ಬಡಿಸುವುದು ಹೇಗೆ?

ಮನೆ ಭೇಟಿಗೆ ಹೋದಾಗ ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಯಜಮಾನರು ಮೊದಲು ಕೂರುತ್ತಾರೆ, ಜೊತೆಗೆ ಗಂಡುಮಕ್ಕಳು. ಸೌಟು ತಳಕ್ಕೆ ಹೋಗಿ ಕಾಳು, ತರಕಾರಿ ಎತ್ತಿ ಅವರ ತಟ್ಟೆಗೆ ಹಾಕುತ್ತದೆ. ಆಮೇಲೆ ಹೆಣ್ಣುಮಕ್ಕಳು, ಅತ್ತೆ. ಕೊನೆಗೆ ಅಡುಗೆ ಮಾಡಿದವಳು ಕೂತಾಗ ಪಾತ್ರೆಯಲ್ಲಿ ಉಳಿದಿರುವುದು ಬಣ್ಣದ ನೀರು. ಅದಕ್ಕೆ ಉಪ್ಪಿನಕಾಯಿ ಸೇರಿಸಿಕೊಂಡು, "ನನಗೆ ಇಷ್ಟೇ ಸಾಕು ಫಾದರ್" ಎನ್ನುತ್ತಾಳೆ. ಕಟ್ಟಿನ ಸಾರು ಮಾಡುವ ದಿನ ಇದು ಇನ್ನೂ ಸ್ಪಷ್ಟ. ಕಾಳು ಬೇರೆ ಬಸಿದು ಪಲ್ಯವಾಗುತ್ತದೆ, ರೊಟ್ಟಿಯ ಜೊತೆ ಗಂಡಸರಿಗೆ ಹೋಗುತ್ತದೆ. ಕಟ್ಟು ಮಾತ್ರ ಎಲ್ಲರಿಗೆ. ಕಟ್ಟಿನ ಸಾರು ರುಚಿಯಾದ ಅಡುಗೆ, ಅದನ್ನು ಹಳಿಯುತ್ತಿಲ್ಲ. ಆದರೆ ಆ ಪಲ್ಯದಲ್ಲಿ ಒಂದು ಪಾಲು ಒಲೆಯ ಮುಂದೆ ನಿಂತವಳಿಗೂ ಎತ್ತಿಡಬೇಕಲ್ಲವೇ?

ಇದು ಬರೀ ಮರ್ಯಾದೆಯ ಪ್ರಶ್ನೆಯಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಮಹಿಳೆಯರಲ್ಲಿ ರಕ್ತಹೀನತೆ ಇದ್ದವರು ದೇಶದಲ್ಲಿ ನೂರಕ್ಕೆ 57 ಮಂದಿ, ಕರ್ನಾಟಕದಲ್ಲಿ ಸುಮಾರು 48. ಪೂಜೆಗೆ ಬಂದ ತಾಯಂದಿರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಂದು ಲೆಕ್ಕ ಹಿಡಿಯಿರಿ. ಮೆಟ್ಟಿಲು ಹತ್ತುವಾಗ ಏದುಸಿರು, ಮಧ್ಯಾಹ್ನ ತಲೆಸುತ್ತು, ಸದಾ ಆಯಾಸ. ಇವನ್ನು "ವಯಸ್ಸಾಯಿತು" ಎಂದು ತಳ್ಳಿಹಾಕುತ್ತೇವೆ. ಒಂದು ಬಟ್ಟಲು ಸಾರಿನಿಂದ ಅದು ವಾಸಿಯಾಗುತ್ತದೆ ಎಂದು ನಾನು ಹೇಳುವುದಿಲ್ಲ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆಯನ್ನು ನುಂಗಲೇಬೇಕು, ರಕ್ತ ಪರೀಕ್ಷೆ ಮಾಡಿಸಲೇಬೇಕು. ಆದರೆ ಮನೆಯ ಕಾಳೆಲ್ಲ ಬೇರೆಯವರ ತಟ್ಟೆಗೆ ಹೋಗಿ ಅವಳ ಪಾಲಿಗೆ ನೀರು ಉಳಿಯುವುದನ್ನು ಯಾವ ಮಾತ್ರೆಯೂ ಸರಿಮಾಡಲಾರದು.

ಆದ್ದರಿಂದ ಈ ಸಾರಿಗೆ ನನ್ನದೊಂದು ನಿಯಮ. ಕಾಳನ್ನು ಬಸಿಯಬೇಡಿ, ಸಾರಿನಲ್ಲೇ ಇರಲಿ. ಪ್ರತಿ ಸಲ ಸೌಟು ಹಾಕುವಾಗ ತಳದಿಂದ ಕಲಕಿ. ಮೊದಲ ತಟ್ಟೆ ಬಡಿಸುವ ಮೊದಲೇ ಎಷ್ಟು ಜನರೋ ಅಷ್ಟು ಬಟ್ಟಲು ತುಂಬಿಸಿ ಸಾಲಾಗಿ ಇಡಿ, ಅಡುಗೆ ಮಾಡಿದವಳ ಬಟ್ಟಲೂ ಅದರಲ್ಲಿ ಇರಲಿ. ಈ ಕೆಲಸವನ್ನು ಮನೆಯ ಯಜಮಾನರೇ ಮಾಡಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಗಂಡಸು ಸೌಟು ಹಿಡಿದರೆ ಮನೆಯ ಗೌರವ ಕಡಿಮೆಯಾಗುತ್ತದೆ ಎನ್ನುವವರು ಪವಿತ್ರ ಗುರುವಾರದಂದು ಪಾದ ತೊಳೆಯುವ ವಿಧಿಯನ್ನು ಏನೆಂದು ನೋಡುತ್ತಾರೋ ತಿಳಿಯದು. ಮನೆಯಲ್ಲಿ ಗರ್ಭಿಣಿಯೋ ಬಾಣಂತಿಯೋ ಇದ್ದರೆ ಅವರ ಬಟ್ಟಲು ಮೊದಲು ತುಂಬಲಿ. ಹುರುಳಿ ಉಷ್ಣ ಎಂದು ಅವರಿಗೆ ಕಾಳನ್ನೇ ನಿಲ್ಲಿಸಿಬಿಡುವುದು ಸರಿಯಲ್ಲ, ಹುರುಳಿ ಬೇಡವಾದರೆ ಹೆಸರುಕಾಳು ಇದೆ, ಅಲಸಂದೆ ಇದೆ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ಎಷ್ಟು ಕಾಳು ತಿನ್ನಬಹುದೆಂದು ವೈದ್ಯರನ್ನು ಕೇಳಬೇಕು.

ಶುಕ್ರವಾರದ ಮಾತೂ ಒಂದಿಷ್ಟು. ಧರ್ಮಸಭೆಯ ನಿಯಮದಂತೆ ಹದಿನಾಲ್ಕು ವರ್ಷ ತುಂಬಿದವರು ಮಾಂಸ ಬಿಡುವ ದಿನಗಳಿವೆ. ಆ ದಿನ ಕೋಳಿ ಬಿಟ್ಟು, ಅದರ ಎರಡು ಪಟ್ಟು ಬೆಲೆಯ ಅಂಜಲ್ ಮೀನು ತಂದರೆ ನಿಯಮ ಮುರಿದಂತಾಗುವುದಿಲ್ಲ, ನಿಜ! ಆದರೆ ತಪಸ್ಸುಕಾಲದ ಶುಕ್ರವಾರಕ್ಕೆ ಈ ಸಾರಿನಷ್ಟು ಒಪ್ಪುವುದು ಬೇರೆ ಇಲ್ಲ. ಉಳಿದ ಹಣಕ್ಕೆ ದಾರಿ ನಿಮಗೇ ಗೊತ್ತು.

ಊಟಕ್ಕೆ ಕೂರುವ ಹೊತ್ತಿಗೆ ಅತಿಥಿ ಬಂದರೆ? ಗಾಬರಿ ಬೇಡ, ಕಾಳು ಸಾರು ಹಿಗ್ಗುವ ಅಡುಗೆ. ತಣ್ಣೀರು ಸುರಿಯಬೇಡಿ. ಎರಡು ಲೋಟ ಬಿಸಿನೀರು, ಚೂರು ಉಪ್ಪು, ಹಿತ್ತಲಿಂದ ಇನ್ನೊಂದು ಹಿಡಿ ಸೊಪ್ಪು ಹಾಕಿ ಒಂದು ಕುದಿ ಬರಿಸಿ. ನಮ್ಮ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೋಡಿಯಮಠ ಎಂಬುದಿತ್ತು. 1162ರ ಶಾಸನವೊಂದು ಅದನ್ನು ಬಣ್ಣಿಸುತ್ತಾ, ದೀನರು, ಅಂಗವಿಕಲರು, ಹಾಡುವವರು, ಬೇರೆ ಬೇರೆ ಮತಗಳ ಭಿಕ್ಷುಕರು ಎಲ್ಲರಿಗೂ ಅನ್ನ ಸಿಗುವ, ರೋಗಿಗಳಿಗೆ ಚಿಕಿತ್ಸೆ ಸಿಗುವ ಸ್ಥಳ ಎನ್ನುತ್ತದೆ. ಅಲ್ಲಿ ಹಂಡೆಗೆ ಏನು ಹಾಕುತ್ತಿದ್ದರೆಂದು ಕಲ್ಲಿನಲ್ಲಿ ಬರೆದಿಲ್ಲ. ಈ ನೆಲದಲ್ಲಿ ಬೆಳೆದ ಕಾಳು ಇದ್ದಿರಬೇಕು ಎಂದು ಊಹಿಸುವುದರಲ್ಲಿ ತಪ್ಪೇನಿದೆ?

ಮಿಕ್ಕಿದ ಸಾರನ್ನು ಬೇಸಿಗೆಯಲ್ಲಿ ರಾತ್ರಿಯಿಡೀ ಹೊರಗೆ ಇಡಬೇಡಿ, ಕಾಳಿನ ಅಡುಗೆ ಬೇಗ ಹಳಸುತ್ತದೆ. ಫ್ರಿಜ್ ಇದ್ದವರು ಆರಿದ ಕೂಡಲೇ ಒಳಗಿಡಿ. ಇಲ್ಲದವರು ಅಳತೆ ನೋಡಿ ಮಾಡಿ. ಮರುದಿನ ಚೆನ್ನಾಗಿ ಕುದಿಸಿದರೆ ಹುರುಳಿ ಸಾರು ಮೊದಲ ದಿನಕ್ಕಿಂತ ರುಚಿ, ಇನ್ನೂ ಬತ್ತಿಸಿದರೆ ಬೆಳಗಿನ ರೊಟ್ಟಿಗೆ ಪಲ್ಯ. ರಾತ್ರಿ ಪಾತ್ರೆ ತೊಳೆದು ಕವುಚಿ, ಜಪಸರದ ಪ್ರಾರ್ಥನೆಗೆ ಕೂರುವ ಮೊದಲು ಡಬ್ಬಿಗಳನ್ನು ಒಮ್ಮೆ ತೆರೆದು ನೋಡಿ. ಅಲಸಂದೆ ಒಂದು ಪಾವಿನಷ್ಟು ಉಳಿದಿದ್ದರೆ ನಾಳೆಯ ಸಾರಿಗೆ ಅದಾಗುತ್ತದೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ನೆನೆಹಾಕಲು ಮನೆಯಲ್ಲಿ ಯಾರಾದರೊಬ್ಬರಿಗೆ ಈಗಲೇ ಹೇಳಿಡಿ.